ಹಳೇ ಪರ್ಸಿ ಕಲ್ಲಿಗೆ ಪಾಲಿಶ್ ಮಾಡಿಸಿದ್ದು: ಬಿರುಕು ಮುಚ್ಚಿಡದ ಅಂಗಡಿ

ಅಜ್ಜಿ ಮನೆ ಕೆಡವಿದಾಗ ಪಡಸಾಲೆಯ ಒಂದು ಶಹಾಬಾದ್ ಪರ್ಸಿ (ನೆಲಕ್ಕೆ ಹಾಸುವ ಸುಣ್ಣದ ಕಲ್ಲಿನ ಚಪ್ಪಡಿ) ಎತ್ತಿಟ್ಟುಕೊಂಡಿದ್ದೆ, ಟೀ ಟೇಬಲ್ ಮಾಡಿಸೋಣ ಅಂತ. ಆದರೆ ಕೊಡೋಕೆ ಭಯ. ಹಿಂದೆ ಅಡುಗೆಮನೆ ಕಟ್ಟೆ ಮಾಡಿಕೊಟ್ಟ ಅಂಗಡಿಯವರು ಗುಳಿಗಳಿಗೆಲ್ಲ ವೈಟ್ ಸಿಮೆಂಟ್ ಮೆತ್ತಿ, ಮೇಲೆ ಮೇಣ ತಿಕ್ಕಿ ಫಳಫಳ ಮಾಡಿದ್ದರು. ತಿಂಗಳೊಳಗೆ ಎಲ್ಲ ಕಿತ್ತು ಬಂತು.

ಈ ಸಲ ಹೋಗಿದ್ದು ಕಲಬುರಗಿಯಿಂದ ಶಹಾಬಾದ್ ಕಡೆ ಹೋಗುವ ರಸ್ತೆಯ ಒಂದು ಸಣ್ಣ ಕಟಿಂಗ್ ಶೆಡ್‌ಗೆ. ಬೋರ್ಡೂ ಇಲ್ಲ. ಅಲ್ಲಿಯ ಮೇಸ್ತ್ರಿ ಅಳತೆ ಕೇಳಲಿಲ್ಲ, ರೇಟ್ ಹೇಳಲಿಲ್ಲ, ಮೊದಲು ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಸುಮ್ನೆ ನೋಡುತ್ತಾ ನಿಂತರು. ಕಲ್ಲೆಲ್ಲ ಒಣಗುತ್ತಾ ಬಂತು. ಮೂಲೆಯಿಂದ ಗೇಣುದ್ದ, ಕೂದಲಿನಷ್ಟು ತೆಳ್ಳನೆ ಗೆರೆ ಮಾತ್ರ ಒದ್ದೆಯಾಗೇ ಉಳಿಯಿತು. "ಇದು ನೀರು ಕುಡಿದಿದೆ, ಇದೇ ಬಿರುಕು" ಅಂದರು. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಉಳಿದ ಕಡೆ ಟಣ್, ಅಲ್ಲಿ ಥಪ್.

ನಾನು ಹೆದರಿದ್ದು ನಡುವೆ ಹಾದುಹೋಗಿದ್ದ ದಪ್ಪ ಬಿಳಿ ಗೆರೆಗೆ. ಅದಕ್ಕೇನೂ ಆಗಲ್ಲವಂತೆ. ಯಾವುದೋ ಕಾಲದಲ್ಲಿ ಬಿರಿದು, ಸುಣ್ಣದ ಹರಳು ತುಂಬಿಕೊಂಡು ತಾನೇ ಬೆಸೆದುಕೊಂಡ ಜಾಗ ಅದು. ಮಣ್ಣು ಸಿಕ್ಕಿಕೊಂಡ ಕಂದು ಗೆರೆ ಇದ್ದರೆ ಹುಷಾರಾಗಿರಬೇಕು, ಪದರ ಬಿಡೋದು ಅಲ್ಲೇ.

ಆಮೇಲೆ ಕಲ್ಲು ಕೊಯ್ಯುವ ಗುರುತನ್ನು ಮೂರು ಇಂಚು ಪಕ್ಕಕ್ಕೆ ಸರಿಸಿದರು. ಬಿರುಕಿನ ಮುಕ್ಕಾಲು ಭಾಗ ವೇಸ್ಟ್ ತುಂಡಿಗೇ ಹೋಯಿತು! ಉಳಿದದ್ದಕ್ಕೆ ಎಪಾಕ್ಸಿ ಅಂಟು. ಹಾಕುವ ಮೊದಲು ಕಲ್ಲನ್ನು ಎರಡು ದಿನ ಬಿಸಿಲಿಗೆ ಇಟ್ಟರು, ಯಾಕೆಂದರೆ ಒಳಗೆ ತೇವ ಇದ್ದರೆ ಅಂಟು ಹಿಡಿಯಲ್ಲ (ಬಿಸಿಲಿಗೆ ನಮ್ಮೂರಲ್ಲಿ ಬರವೇ?). ಅದೇ ಕಲ್ಲು ಕೊಯ್ದ ಪುಡಿಯನ್ನೇ ಎಪಾಕ್ಸಿಗೆ ಬೆರೆಸಿದ್ದರಿಂದ ಬಣ್ಣವೂ ಕೂಡಿಕೊಂಡಿತು. ಸ್ವಲ್ಪ ಉಬ್ಬಿಸಿ ತುಂಬಿ, ಗಟ್ಟಿಯಾದ ಮೇಲೆ 60, 120, 220, 400 ಅಂತ ಉಜ್ಜುಗಲ್ಲಿನ ಒಂದೊಂದೇ ನಂಬರ್ ಏರಿಸುತ್ತಾ (ಒರಟಿನಿಂದ ನಯಕ್ಕೆ), ನೀರು ಹಾಯಿಸಿಕೊಂಡು ಉಜ್ಜಿದರು. ಹಿಂದಿನ ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋಗಲೇ ಇಲ್ಲ. ಅಡಿಯಲ್ಲಿ ಫೈಬರ್ ಜಾಲರಿ ಅಂಟಿಸಿಕೊಟ್ಟಿದ್ದಾರೆ.

ಓರೆಯಾಗಿ ನೋಡಿದರೆ ಎಪಾಕ್ಸಿ ಜಾಗಕ್ಕೆ ಕಲ್ಲಿನ ಹೊಳಪಿಲ್ಲ. ಅದನ್ನು ಮೊದಲೇ ಹೇಳಿದ್ದರು, ಹಾಗಾಗಿ ಬೇಜಾರಿಲ್ಲ. ಬೇಜಾರು ಬೇರೆ ವಿಷಯಕ್ಕೆ: ನಾಲ್ಕು ದಿನ ಅಂದವರು ಹನ್ನೊಂದು ದಿನ ಓಡಾಡಿಸಿದರು, ಫೋನ್ ಎತ್ತಲ್ಲ. ಒಣ ಕಲ್ಲು ಗ್ರೈಂಡ್ ಮಾಡುವ ಹುಡುಗರ ಮುಖಕ್ಕೆ ಬರೀ ಟವೆಲ್, ಮಾಸ್ಕ್ ಇಲ್ಲ. ಇದನ್ನು ಅವರ ಮುಂದೆಯೇ ಹೇಳಿ ಬಂದೆ.

ಮೊನ್ನೆ ನಿಂಬೆ ಶರಬತ್ತಿನ ಲೋಟ ಇಟ್ಟು ಮರೆತೆ. ಸುಣ್ಣದ ಕಲ್ಲಿಗೆ ಹುಳಿ ಆಗಲ್ಲ ಅಂತ ಮೇಸ್ತ್ರಿ ಎರಡು ಸಲ ಹೇಳಿದ್ದರು. ಈಗ ಬಳೆಯಷ್ಟು ದೊಡ್ಡ ಮಂಕು ಗುರುತು ಬಿದ್ದಿದೆ. ಮತ್ತೆ ಉಜ್ಜಿಸೋಕೆ ಅಲ್ಲಿಗೇ ಹೋಗಬೇಕು, ಅವರು ಫೋನ್ ಎತ್ತಿದರೆ.