ಸಿಝಡ್ 457 ವಾರ್ಮಿಂಟ್: ಮೊದಲ ನಿಖರ ರೈಫಲ್ಲಿನೊಂದಿಗೆ ಧಾರವಾಡದಲ್ಲಿ ಒಂದು ವರ್ಷ

ಒಂದು ವರ್ಷಕ್ಕೂ ಮೇಲ್ಪಟ್ಟು ನಾನು ಸಿಝಡ್ 457 ವಾರ್ಮಿಂಟ್ ಎಂಬ .22 ಎಲ್‌ಆರ್ (ಲಾಂಗ್ ರೈಫಲ್ ಎಂಬ ಸಣ್ಣ ಗುಂಡಿನ) ಬೋಲ್ಟ್ ಆ್ಯಕ್ಷನ್ ರೈಫಲ್ಲನ್ನು, ಎಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ ರೈಫಲ್ಲನ್ನು, 50 ಮತ್ತು 100 ಮೀಟರ್ ಗುರಿಗಳಿಗೆ ಬಳಸುತ್ತ ಬಂದಿದ್ದೇನೆ. ಇದು ನನ್ನ ಮೊದಲ ರೈಫಲ್. ಇದನ್ನು ಕೊಳ್ಳಬೇಕೆಂದಿರುವ ಹುಬ್ಬಳ್ಳಿ-ಧಾರವಾಡ ಕಡೆಯ ಹೊಸಬರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ರೈಫಲ್ ಚೆನ್ನಾಗಿದೆ, ಆದರೆ ಅದರ ಬೆಲೆಯಷ್ಟೇ ಗಮನವನ್ನು ಅದಕ್ಕೆ ಸ್ಕೋಪನ್ನು (ಗುರಿ ನೋಡುವ ದುರ್ಬೀನನ್ನು) ಜೋಡಿಸುವ ರಿಂಗು, ಸ್ಕ್ರೂ, ಮರ ಮತ್ತು ಗುಂಡುಗಳಿಗೆ ಕೊಡಬೇಕು. ಈ ವರ್ಷದಲ್ಲಿ ನನ್ನ ಗುಂಡುಗಳು ಚದುರಿದಾಗಲೆಲ್ಲ ತಪ್ಪು ಸಿಕ್ಕಿದ್ದು ಒಂದು ವಸ್ತು ಇನ್ನೊಂದನ್ನು ಹಿಡಿದುಕೊಂಡಿರುವ ಜಾಗದಲ್ಲಿಯೇ.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. .22 ರೈಫಲ್ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಟ್ಟ ಬಂದೂಕು. ಪರವಾನಗಿ ಇಲ್ಲದೆ ಅದನ್ನಾಗಲಿ ಅದರ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ನಾನು ಕ್ರೀಡಾಪಟುವಾಗಿ ಪರವಾನಗಿ ಪಡೆದ ಮೇಲೆ ಹಿರಿಯ ಶೂಟರ್ ಒಬ್ಬರ ಬಳಸಿದ ರೈಫಲ್ಲನ್ನು ಅಧಿಕೃತ ವ್ಯಾಪಾರಿಯ ಮೂಲಕ ಕೊಂಡೆ. ಮುಂದೆ ಹೇಳುವ ಎಲ್ಲ ಅಭ್ಯಾಸವೂ ರೇಂಜಿನ ಒಳಗಿನದು.

ಈ ಆಟದತ್ತ ನನ್ನನ್ನು ಸೆಳೆದದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್. ಬೆಳಗಾವಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಆ ಗುರಿಹಲಗೆಯ ಹತ್ತರ ವೃತ್ತದ ಅಡ್ಡಳತೆ ಕೇವಲ 10.4 ಮಿಲಿಮೀಟರ್ ಎಂದು ಓದಿದ ದಿನ ಸ್ಕೇಲ್ ಹಿಡಿದು ಹಾಳೆಯ ಮೇಲೆ ಬರೆದು, ಅದನ್ನು ಅಂಗಳದ ತುದಿಯಲ್ಲಿ ನಿಲ್ಲಿಸಿ ನೋಡಿದೆ. ಇಪ್ಪತ್ತು ಹೆಜ್ಜೆಗೇ ಅದು ಕಣ್ಣಿಗೆ ಕಾಣಿಸದಾಯಿತು. ಅವರ ಆಟದಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ಸಣ್ಣ ರಂಧ್ರದ ಸೈಟಿನಿಂದಲೇ ನೋಡಬೇಕು. ನನ್ನದು ಸ್ಕೋಪ್ ಹಾಕಿ, ಮಲಗಿ, ಚೀಲಕ್ಕೆ ಆನಿಸಿ ಹೊಡೆಯುವ ಅಭ್ಯಾಸ. ಒಲಿಂಪಿಕ್ ಮಾದರಿಯ ಸ್ಪರ್ಧೆಗೆ ಹೋಗಬೇಕೆನ್ನುವವರಿಗೆ ಈ ರೈಫಲ್ ಸರಿಯಾದ ಆಯ್ಕೆಯಲ್ಲ. ಅವರು 10 ಮೀಟರ್ ಏರ್ ರೈಫಲ್ಲಿನಿಂದ ಆರಂಭಿಸುವುದೇ ಮೇಲು.

ರೈಫಲ್ಲಿನ ಗುಣಗಳಿಗೆ ಬರುತ್ತೇನೆ. ಜೆಕ್ ದೇಶದ ಉಹೆರ್ಸ್ಕಿ ಬ್ರೋದ್ ಪಟ್ಟಣದಲ್ಲಿ 1936ರಲ್ಲಿ ಶುರುವಾದ ಕಾರ್ಖಾನೆಯ ತಯಾರಿಕೆ ಇದು. ಹಿಂದಿನ 455 ಮಾದರಿಯಲ್ಲಿ ಬೋಲ್ಟಿನ ಹಿಡಿಯನ್ನು 90 ಡಿಗ್ರಿ ಎತ್ತಬೇಕಾಗಿತ್ತು. ಇದರಲ್ಲಿ 60 ಡಿಗ್ರಿ ಸಾಕು. ಓದುವಾಗ ಇದೇನು ದೊಡ್ಡ ವಿಷಯ ಎನಿಸಬಹುದು, ಆದರೆ ಮಲಗಿದ ಭಂಗಿಯಲ್ಲಿ ಕೆನ್ನೆಯನ್ನು ಸ್ಟಾಕಿನಿಂದ (ರೈಫಲ್ಲಿನ ಮರದ ಮೈಯಿಂದ) ಎತ್ತದೆ, ಹೆಬ್ಬೆರಳು ಸ್ಕೋಪಿನ ಹಿಂಬದಿಗೆ ತಾಕದೆ, ಮುಂದಿನ ಗುಂಡನ್ನು ಒಳಗೆ ತಳ್ಳುವುದಕ್ಕೆ ಸಾಧ್ಯವಾಗುವುದು ಈ 30 ಡಿಗ್ರಿಯ ಉಳಿತಾಯದಿಂದಲೇ. ಐದು ಗುಂಡಿನ ಮ್ಯಾಗಜಿನ್ ಸಲೀಸಾಗಿ ಕೂರುತ್ತದೆ. ಟ್ರಿಗರಿನ ಭಾರವನ್ನು ನಾವೇ ಹೊಂದಿಸಿಕೊಳ್ಳಬಹುದು. ಕಾರ್ಖಾನೆ ಹೇಳಿದ ಮಿತಿಯ ಕೆಳತುದಿಗೆ ತಂದು, ಖಾಲಿ ರೈಫಲ್ಲಿನ ಬೋಲ್ಟನ್ನು ಹಲವು ಬಾರಿ ಜೋರಾಗಿ ಮುಚ್ಚಿ, ಸ್ಟಾಕಿನ ಹಿಂಬದಿಯನ್ನು ಅಂಗೈಯಿಂದ ತಟ್ಟಿ, ತಾನಾಗಿ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಗುಂಡು ಹಾಕಿದೆ. ದಪ್ಪ ಬ್ಯಾರೆಲ್ಲಿನ ಭಾರ ಮಲಗಿ ಹೊಡೆಯುವವರಿಗೆ ಅನುಕೂಲ, ನಿಂತು ಹೊಡೆಯುವವರ ತೋಳಿಗೆ ಕಷ್ಟ.

ಇನ್ನು ರಿಂಗುಗಳ ಕಥೆ. ಈ ರೈಫಲ್ಲಿನ ಮೇಲೆ ಸ್ಕೋಪ್ ಕೂರಿಸುವುದಕ್ಕೆ 11 ಮಿಲಿಮೀಟರ್ ಅಗಲದ ಡವ್‌ಟೇಲ್ ಹಳಿ, ಎಂದರೆ ಎರಡೂ ಅಂಚು ಓರೆಯಾಗಿರುವ ಹಳಿ ಇದೆ. ಮಾರುಕಟ್ಟೆಯಲ್ಲಿ ಮೂರೆಂಟಾಂಶ ಇಂಚಿನ, ಎಂದರೆ ಸುಮಾರು 9.5 ಮಿಲಿಮೀಟರಿನ ಹಳಿಗೆಂದು ಮಾಡಿದ ರಿಂಗುಗಳೂ ಸಿಗುತ್ತವೆ, ಮತ್ತು ಎರಡನ್ನೂ ಒಂದೇ ಎಂಬಂತೆ ಮಾರುವವರಿದ್ದಾರೆ. ನಾನು ಆನ್‌ಲೈನ್ ಅಂಗಡಿಯೊಂದರಿಂದ ‘ಎಲ್ಲಕ್ಕೂ ಹೊಂದುತ್ತದೆ’ ಎಂಬ ಮಾತು ನಂಬಿ ತರಿಸಿದೆ. ಬಿಗಿ ಮಾಡಿದಾಗ ಗಟ್ಟಿಯಾಗಿಯೇ ಕೂತಂತೆ ಅನಿಸಿತು. ಮೊದಲ ಎರಡು ವಾರ ಐದು ಗುಂಡುಗಳ ಗುಂಪು ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮರೆಯಾಗುವಷ್ಟು ಚಿಕ್ಕದಾಗಿ ಬೀಳುತ್ತಿತ್ತು. ಮೂರನೆಯ ವಾರ ಅದೇ ಗುಂಪು ಎರಡು ಬೆರಳು ಬಲಕ್ಕೆ ಸರಿಯಿತು. ಸ್ಕೋಪಿನ ಗುಂಡಿ ತಿರುಗಿಸಿ ಸರಿಪಡಿಸಿದರೆ ಅರ್ಧ ಗಂಟೆಯಲ್ಲಿ ಮೇಲಕ್ಕೆ ಹೋಯಿತು. ನಾನು ಉಸಿರನ್ನು, ಟ್ರಿಗರನ್ನು, ಕೊನೆಗೆ ನನ್ನ ಕಣ್ಣನ್ನೇ ಅನುಮಾನಿಸಿದೆ. ರೇಂಜಿನ ಹಿರಿಯರೊಬ್ಬರು ಬಿಳಿ ಉಗುರು ಬಣ್ಣ ತಂದು, ಹಳಿಯಿಂದ ರಿಂಗಿನ ಮೇಲಕ್ಕೂ ರಿಂಗಿನಿಂದ ಸ್ಕೋಪಿನ ಕೊಳವೆಯ ಮೇಲಕ್ಕೂ ಕೂದಲೆಳೆಯಷ್ಟು ತೆಳುವಾದ ಗೆರೆ ಎಳೆದು, ‘ಈಗ ನಲವತ್ತು ಗುಂಡು ಹೊಡೀರಿ’ ಎಂದರು. ನಲವತ್ತಾದ ಮೇಲೆ ನೋಡಿದರೆ ಕೆಳಗಿನ ಗೆರೆ ಮುರಿದಿತ್ತು. ಹಳಿಯ ಮೇಲಿನ ತುಂಡು ಒಂದು ಕಡೆ, ರಿಂಗಿನ ಮೇಲಿನ ತುಂಡು ಅರ್ಧ ಮಿಲಿಮೀಟರ್ ಮುಂದೆ. ಬಿಚ್ಚಿದಾಗ ಕಂಡದ್ದೇನೆಂದರೆ ರಿಂಗಿನ ಹಲ್ಲು ಹಳಿಯ ಅಂಚನ್ನು ಅದರ ಉದ್ದಕ್ಕೂ ಹಿಡಿಯದೆ ಒಂದು ಮೂಲೆಯಲ್ಲಿ ಮಾತ್ರ ಕಚ್ಚಿತ್ತು. ಅಲ್ಲೊಂದು ಹೊಳೆಯುವ ಚುಕ್ಕೆ ಬಿಟ್ಟರೆ ಉಳಿದೆಡೆ ಕಪ್ಪು ಲೇಪ ಹಾಗೆಯೇ ಇತ್ತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

.22ರ ಒದೆತ ಬಹಳ ಹಗುರ, ಅದಕ್ಕೆ ಎಂಥ ರಿಂಗಾದರೂ ನಡೆಯುತ್ತದೆ ಎಂಬ ಮಾತನ್ನು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಅದನ್ನು ನಂಬಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಈಗ ಇರುವುದು 11 ಮಿಲಿಮೀಟರಿಗೇ ಮಾಡಿದ ಉಕ್ಕಿನ ರಿಂಗುಗಳು. ಜೊತೆಗೆ ಹುಬ್ಬಳ್ಳಿಯ ಸೈಕಲ್ ಅಂಗಡಿಯೊಂದರಲ್ಲಿ, ಕಾರ್ಬನ್ ಸೈಕಲ್ಲುಗಳ ಸ್ಕ್ರೂಗೆಂದು ಇಟ್ಟಿದ್ದ ಸಣ್ಣ ಟಾರ್ಕ್ ಪಾನಾ (ಇಷ್ಟೇ ಬಿಗಿ ಎಂದು ಅಳತೆ ಇಟ್ಟು ತಿರುಗಿಸುವ ಪಾನಾ) ಸಿಕ್ಕಿತು. ರಿಂಗಿನ ಮೇಲ್ಮುಚ್ಚಳಕ್ಕೆ ತಯಾರಕರು ಹೇಳಿದಂತೆ 2 ನ್ಯೂಟನ್ ಮೀಟರ್ ಇಟ್ಟು, ನಾಲ್ಕೂ ಸ್ಕ್ರೂಗಳನ್ನು ಒಂದು ಮೂಲೆಯಾದ ಮೇಲೆ ಅದರ ಎದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ದೇನೆ. ಈ ವರ್ಷ ನಾನು ಹಣ ಕೊಟ್ಟು ಕೊಂಡ ವಸ್ತುಗಳಲ್ಲಿ ಅತ್ಯಂತ ಲಾಭ ತಂದದ್ದು ಆ ಪಾನಾ.

ಸ್ಕೋಪಿನ ಬಗ್ಗೆ ಒಂದೇ ಮಾತು: ಪ್ಯಾರಲ್ಯಾಕ್ಸನ್ನು 50 ಮೀಟರಿಗೆ ಹೊಂದಿಸಲು ಬರುವಂಥದ್ದನ್ನೇ ಕೊಳ್ಳಿ. ದೊಡ್ಡ ಬೋರಿನ ರೈಫಲ್ಲಿಗೆಂದು ಮಾಡಿದ ಅನೇಕ ಸ್ಕೋಪುಗಳು 100 ಗಜಕ್ಕೆ ಸ್ಥಿರವಾಗಿರುತ್ತವೆ. ಅವುಗಳಲ್ಲಿ 50 ಮೀಟರಿನ ಗುರಿ ನೋಡುತ್ತ ತಲೆಯನ್ನು ಒಂದು ಚೂರು ಅಲ್ಲಾಡಿಸಿದರೆ, ರೈಫಲ್ ಅಲುಗದಿದ್ದರೂ ಅಡ್ಡಗೆರೆ ಕಪ್ಪು ವೃತ್ತದ ಮೇಲೆ ಜಾರುವುದು ಕಾಣುತ್ತದೆ; ಪ್ಯಾರಲ್ಯಾಕ್ಸ್ ಎಂದರೆ ಇದೇ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕಾದದ್ದು ಇದೇ ಕಾರಣಕ್ಕೆ. ವಾರ್ಮಿಂಟಿನ ಸ್ಟಾಕಿನಲ್ಲಿ ಕೆನ್ನೆಯ ಎತ್ತರ ಹೊಂದಿಸುವ ವ್ಯವಸ್ಥೆ ಇಲ್ಲ. ನಾನು ಹಾಸಿಗೆಯ ಫೋಮಿನ ಎರಡು ಪದರ ಕತ್ತರಿಸಿ, ಮೇಲೆ ಬಟ್ಟೆ ಸುತ್ತಿ, ಎಲಾಸ್ಟಿಕ್ ಪಟ್ಟಿಯಿಂದ ಬಿಗಿದುಕೊಂಡಿದ್ದೇನೆ. ಹಿಂದೆ ಆನಿಸುವ ಚೀಲವೂ ಮನೆಯದೇ: ಬೆಂಗೇರಿಯ ಖಾದಿ ಅಂಗಡಿಯಿಂದ ತಂದ ದಪ್ಪ ಬಟ್ಟೆಯನ್ನು ದರ್ಜಿಯ ಕೈಯಲ್ಲಿ ಹೊಲಿಸಿ ಬಿಳಿಜೋಳ ತುಂಬಿದೆ. ಮರಳಿಗಿಂತ ಹಗುರ; ಮುಷ್ಟಿಯಲ್ಲಿ ಹಿಂಡಿದರೆ ಕಾಳು ಕಾಳಾಗಿ ಸರಿದು ರೈಫಲ್ಲಿನ ಹಿಂಬದಿಯನ್ನು ಕೂದಲೆಳೆಯಷ್ಟು ಎತ್ತುತ್ತದೆ. ನುಸಿ ಹಿಡಿಯದಂತೆ ಕಾಳನ್ನು ಮೊದಲು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು.

ಮಳೆಗಾಲ ಬಂದಾಗ ಇನ್ನೊಂದು ಪಾಠವಾಯಿತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇಪ್ಪತ್ತು ಕಿಲೋಮೀಟರ್ ದೂರವಷ್ಟೇ ಇದ್ದರೂ, ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ತೇವವೇ ಬೇರೆ. ಆಷಾಢದಲ್ಲಿ ನಮ್ಮ ಮನೆಯ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ರೈಫಲ್ಲಿನ ಸ್ಟಾಕೂ ಮರವೇ. ಬ್ಯಾರೆಲ್ ಮರಕ್ಕೆ ಎಲ್ಲಿಯೂ ತಾಗದೆ ತೇಲುತ್ತಿರಬೇಕು, ಏಕೆಂದರೆ ಗುಂಡು ಹೊರಡುವಾಗ ಬ್ಯಾರೆಲ್ ಕಂಪಿಸುತ್ತದೆ, ಒಂದು ಕಡೆ ಮರ ಒತ್ತಿದರೆ ಆ ಕಂಪನ ಪ್ರತಿ ಸಲ ಒಂದೇ ತೆರನಾಗಿ ಇರುವುದಿಲ್ಲ. ಇದನ್ನು ಪರೀಕ್ಷಿಸಲು ಹತ್ತು ರೂಪಾಯಿಯ ನೋಟನ್ನು ಬ್ಯಾರೆಲ್ಲಿನ ಅಡಿಗೆ ಹಾಯಿಸಿ ತುದಿಯಿಂದ ಹಿಂದಕ್ಕೆ ಎಳೆಯಬೇಕು. ಏಪ್ರಿಲಿನಲ್ಲಿ ಸರಾಗವಾಗಿ ಬಂದ ನೋಟು ಆಗಸ್ಟಿನಲ್ಲಿ ಎಡಗಡೆ ನಾಲ್ಕು ಬೆರಳಿನಷ್ಟು ದೂರದಲ್ಲಿ ತಡೆದು ನಿಂತಿತು. ಬಿಚ್ಚಿ ನೋಡಿದಾಗ, ನನ್ನ ಕೈಗೆ ಬರುವ ಮೊದಲೇ ಯಾರೋ ಆ ಜಾಗವನ್ನು ಅರದಿಂದ ಉಜ್ಜಿ ಪಾಲಿಶ್ ಹಾಕದೆ ಬಿಟ್ಟಿದ್ದರು. ಬರಿಯ ಮರ ನೀರು ಕುಡಿದು ಉಬ್ಬಿತ್ತು. ಒಣಗಿಸಿ, ತೆಳುವಾಗಿ ಉಜ್ಜಿ, ಮೂರು ಪದರ ವಾರ್ನಿಶ್ ಬಳಿದು, ಸ್ಟಾಕಿನ ಎರಡು ಸ್ಕ್ರೂಗಳನ್ನು ಅದೇ ಪಾನಾದಿಂದ ಸಮನಾಗಿ ಬಿಗಿ ಮಾಡಿದೆ. ಬಳಸಿದ ರೈಫಲ್ ಕೊಳ್ಳುವವರು ಬ್ಯಾರೆಲ್ಲಿನ ಒಳಗನ್ನು ಹೇಗೆ ನೋಡುತ್ತಾರೋ ಹಾಗೆಯೇ ಸ್ಟಾಕಿನ ಒಳಗನ್ನೂ ನೋಡಬೇಕು.

ಗುಂಡುಗಳ ಆಯ್ಕೆಯಲ್ಲಿ ಅವಸರ ಮಾಡಬಾರದು. .22 ಗುಂಡಿನ ಮೈಗೆ ಮೇಣದಂಥ ಜಿಡ್ಡು ಸವರಿರುತ್ತಾರೆ, ಒಂದೊಂದು ಕಂಪನಿಯದು ಒಂದೊಂದು ಬಗೆ. ಆದ್ದರಿಂದ ಕಂಪನಿ ಬದಲಿಸಿದಾಗ ಮೊದಲ ಹತ್ತಿಪ್ಪತ್ತು ಗುಂಡುಗಳು ಬ್ಯಾರೆಲ್ಲಿನೊಳಗೆ ಹೊಸ ಜಿಡ್ಡು ಕೂರುವುದಕ್ಕೇ ಹೋಗುತ್ತವೆ. ಅವುಗಳನ್ನು ನೋಡಿ ತೀರ್ಪು ಕೊಡುವುದು ಅನ್ಯಾಯ. ನನ್ನ ರೈಫಲ್ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಗುಂಡನ್ನು ಮೆಚ್ಚಿಕೊಂಡಿದೆ: 50 ಮೀಟರಿನಲ್ಲಿ ಗಾಳಿಯಿಲ್ಲದ ಬೆಳಗ್ಗೆ ಐದರ ಗುಂಪು 12ರಿಂದ 15 ಮಿಲಿಮೀಟರ್. ಹೆಚ್ಚು ವೇಗದ ಗುಂಡು ದೂರಕ್ಕೆ ಒಳ್ಳೆಯದೆಂದು ತೋರಿದರೂ .22ರಲ್ಲಿ ಹಾಗಲ್ಲ, ಅದು ಶಬ್ದದ ವೇಗವನ್ನು ಮೀರಿ ಹೊರಟು, ದಾರಿಯಲ್ಲಿ ಆ ವೇಗಕ್ಕಿಂತ ಕೆಳಗಿಳಿಯುವಾಗ ತೊನೆದಾಡುತ್ತದೆ. ಗುರಿಯ ಗುಂಡುಗಳು ಸೆಕೆಂಡಿಗೆ 330 ಮೀಟರಿನ ಆಸುಪಾಸಿನಲ್ಲಿ, ಶಬ್ದಕ್ಕಿಂತ ತುಸು ಹಿಂದೆಯೇ ಹೊರಡುತ್ತವೆ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನೂ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಒಂದೇ ಹೆಸರಿನ ಎರಡು ಲಾಟುಗಳು ಒಂದೇ ರೀತಿ ಬೀಳುವುದಿಲ್ಲ. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಕಾರಿನ ಬಿಸಿಲಿನಲ್ಲಿ ಬಿಟ್ಟರೆ ಮೇಣ ಕರಗಿ ಒಂದು ಬದಿಗೆ ಇಳಿಯುತ್ತದೆ.

100 ಮೀಟರಿಗೆ ಹೋದಾಗ ಈ ರೈಫಲ್ ನಿಜವಾದ ಗುರುವಾಗುತ್ತದೆ. 50 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ 100 ಮೀಟರಿನ ಗುರಿ ಹಿಡಿದರೆ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಅದು ಲೆಕ್ಕಕ್ಕೆ ಸಿಗುವ ಮಾತು, ಗುಂಡಿ ತಿರುಗಿಸಿದರೆ ಮುಗಿಯಿತು. ಗಾಳಿ ಹಾಗಲ್ಲ. ದೂರ ಎರಡು ಪಟ್ಟಾದರೆ ಗಾಳಿಯ ತಳ್ಳಾಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಗದಗಿನ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ನಮ್ಮ ಬಯಲಿನ ಗಾಳಿಯ ಪರಿಚಯ ಇದ್ದೇ ಇದೆ. ನಮ್ಮ ತಂದೆ ಕಣದಲ್ಲಿ ರಾಶಿ ತೂರುವಾಗ ಮೊರ ಎತ್ತಿ ಹಿಡಿದು ಕಾಯುತ್ತಿದ್ದರು. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಯಾಗಿ ಬಂದು ನಿಂತು ಮತ್ತೆ ಬರುತ್ತದೆ, ಆ ಅಲೆಯ ಒಂದೇ ಹದದಲ್ಲಿ ಪ್ರತಿ ಸಲ ಸುರಿಯಬೇಕು ಎನ್ನುತ್ತಿದ್ದರು. ಗುರಿಯ ದಾರಿಯಲ್ಲಿ ನೆಟ್ಟ ಕಡ್ಡಿಗಳಿಗೆ ಕಟ್ಟಿದ ಹತ್ತಿಯ ಎಳೆಗಳನ್ನು ನೋಡುತ್ತ ನಾನು ಈಗ ಮಾಡುವುದೂ ಅದನ್ನೇ: ಎಳೆಗಳು ಅದೇ ಓರೆಗೆ ಬರುವ ತನಕ ಟ್ರಿಗರನ್ನು ಮುಟ್ಟುವುದಿಲ್ಲ. ಮಧ್ಯಾಹ್ನ ಹನ್ನೊಂದರ ನಂತರ ಕಾಯುವ ಹೊತ್ತು ಹೆಚ್ಚಾಗುತ್ತದೆ, ಆದ್ದರಿಂದ ಬೆಳಗಿನ ಏಳಕ್ಕೇ ರೇಂಜಿಗೆ ಹೋಗುವುದು ಒಳ್ಳೆಯದು.

ಮೊದಲ ನಿಖರ ರೈಫಲ್ಲಾಗಿ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ರೈಫಲ್ಲಿಗೇ ಎಲ್ಲ ಹಣ ಸುರಿಯದೆ ಒಳ್ಳೆಯ ರಿಂಗು, ಟಾರ್ಕ್ ಪಾನಾ ಮತ್ತು ನಾಲ್ಕು ಬಗೆಯ ಗುಂಡುಗಳಿಗೆ ಮೊದಲೇ ಪಾಲು ತೆಗೆದಿಡಿ. ಈ ಸಲ ಮೃಗಶಿರಾ ಮಳೆ ಹಿಡಿದ ಮರುವಾರವೇ ನಾನು ನೋಟು ಹಾಯಿಸಿ ನೋಡಿದೆ; ಸ್ಟಾಕಿನ ತುದಿಯಿಂದ ರಿಸೀವರಿನವರೆಗೆ (ಬೋಲ್ಟ್ ಓಡಾಡುವ ಲೋಹದ ಭಾಗದವರೆಗೆ) ಎಲ್ಲಿಯೂ ತಡೆಯದೆ ಬಂತು.