ತಾಲ್ಲೂಕು ಊರಿನ ಮಕ್ಕಳ ವೈದ್ಯೆಯ ಮೇಜಿನ ಮೇಲೆ ಓಮಿಮ್

ಆನುವಂಶಿಕ ಕಾಯಿಲೆಯ ಅನುಮಾನ ಬಂದಾಗಲೆಲ್ಲ ನಾನು ಮೊದಲು ತೆರೆಯುವುದು ಓಮಿಮ್ ಜಾಲತಾಣವನ್ನು. ‘ಆನ್‌ಲೈನ್ ಮೆಂಡೆಲಿಯನ್ ಇನ್‌ಹೆರಿಟೆನ್ಸ್ ಇನ್ ಮ್ಯಾನ್’ ಎಂಬುದು ಅದರ ಪೂರ್ಣ ಹೆಸರು; ಮನುಷ್ಯರ ಜೀನ್‌ಗಳು ಮತ್ತು ಆನುವಂಶಿಕ ಕಾಯಿಲೆಗಳ ದಾಖಲೆಪಟ್ಟಿ ಅದು. ನಡೆಸುವುದು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಓದಲು ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮಕ್ಕಳ ವೈದ್ಯೆ. ಜೆನೆಟಿಕ್ಸ್ ಕಲಿತ ಸಹೋದ್ಯೋಗಿಯನ್ನು ಪಕ್ಕದ ಕೋಣೆಯಿಂದ ಕರೆದು ಕೇಳುವ ಅನುಕೂಲ ನನಗಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಈ ತಾಣ. ಆದ್ದರಿಂದ ಇದರ ಗುಣದೋಷಗಳನ್ನು ನನ್ನಂಥ ಊರುಗಳಲ್ಲಿ ಕೆಲಸ ಮಾಡುವ ವೈದ್ಯರಿಗೆ ಹೇಳಬೇಕೆನಿಸಿತು.

ಒಂದು ಉದಾಹರಣೆ ಹೇಳುತ್ತೇನೆ. ಎರಡೂ ಕೈಗಳಲ್ಲಿ ಆರಾರು ಬೆರಳಿದ್ದ ಹಸುಳೆಯೊಂದನ್ನು ತಂದಿದ್ದರು. ಕೈಕಾಲು ಗಿಡ್ಡ, ಉಗುರುಗಳು ಕಾಗದದಷ್ಟು ತೆಳು, ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಮರ್ಮರ, ಅಂದರೆ ಹೃದಯದ ಅಸಹಜ ಸದ್ದು. ತಾಯಿ ಮದುವೆಯಾಗಿದ್ದು ಸೋದರಮಾವನನ್ನು. ಹೆಚ್ಚುವರಿ ಬೆರಳನ್ನು ಕತ್ತರಿಸಿಬಿಟ್ಟರೆ ಸಾಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ನಾನು ಓಮಿಮ್‌ನ ಹುಡುಕುಪಟ್ಟಿಯಲ್ಲಿ ಈ ಲಕ್ಷಣಗಳನ್ನು ಒಂದರ ಪಕ್ಕ ಒಂದು ಇಂಗ್ಲಿಷಿನಲ್ಲಿ ಬರೆದೆ. ಮೇಲಿನ ಸಾಲುಗಳಲ್ಲೇ ಎಲ್ಲಿಸ್–ವಾನ್ ಕ್ರೆವೆಲ್ಡ್ ಸಿಂಡ್ರೋಮ್ ಬಂದಿತು. ಅದರ ‘ಕ್ಲಿನಿಕಲ್ ಸಿನಾಪ್ಸಿಸ್’ ತೆರೆದರೆ ತಲೆಯಿಂದ ಪಾದದವರೆಗೆ ಅಂಗಾಂಗವಾರು ಲಕ್ಷಣಗಳು. ಬಾಯಿಯ ವಿಭಾಗದಲ್ಲಿ, ಮೇಲ್ದುಟಿಯು ಒಸಡಿಗೆ ಅಂಟಿಕೊಂಡಿರಬಹುದು ಎಂದಿತ್ತು. ಮಗುವಿನ ತುಟಿ ಎತ್ತಿ ನೋಡಿದೆ. ಹಾಗೆಯೇ ಇತ್ತು. ನಂತರ ಬೆಂಗಳೂರಿನಲ್ಲಿ ಮಾಡಿಸಿದ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಹೃದಯದ ರಂಧ್ರವನ್ನು ಎಕೋದಲ್ಲಿ ನೋಡಿಸಿದೆವು. ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ ಎಂಬುದನ್ನು ಆ ತಾಯಿಗೆ ಸಮಾಧಾನವಾಗಿ ಕೂರಿಸಿ ವಿವರಿಸಲು ಸಾಧ್ಯವಾಯಿತು.

ಎಲ್ಲಿ ನೋಡಬೇಕು ಎಂದು ಹೇಳಿಕೊಡುವ ಗುಣ ಈ ತಾಣಕ್ಕೆ ಬಂದದ್ದು ಅದನ್ನು ಕಟ್ಟಿದ ಮನುಷ್ಯನಿಂದ. ಹೀಗಾಗಿ ವಿಕ್ಟರ್ ಮೆಕ್ಯೂಸಿಕ್ ಬಗ್ಗೆ ಹೇಳದೆ ಓಮಿಮ್ ವಿಮರ್ಶೆ ಪೂರ್ತಿಯಾಗದು. 1921ರಲ್ಲಿ ಅಮೆರಿಕದ ಮೇನ್ ರಾಜ್ಯದ ಹೈನುಗಾರರ ಮನೆಯಲ್ಲಿ ಹುಟ್ಟಿದವರು ಅವರು. ಅವಳಿಗಳಲ್ಲಿ ಒಬ್ಬರು, ಅದೂ ತದ್ರೂಪಿ ಅವಳಿ. ಜೊತೆಯಲ್ಲಿ ಹುಟ್ಟಿದ ವಿನ್ಸೆಂಟ್ ಮುಂದೆ ಅದೇ ರಾಜ್ಯದ ಮುಖ್ಯ ನ್ಯಾಯಾಧೀಶರಾದರು. ಒಂದೇ ವಂಶವಾಹಿ ಹೊತ್ತ ಇಬ್ಬರು ಎಷ್ಟು ಬೇರೆಬೇರೆ ದಾರಿ ಹಿಡಿಯಬಹುದು ನೋಡಿ! 1937ರಲ್ಲಿ, ಹದಿಹರೆಯದಲ್ಲಿ, ತೋಳಿಗೆ ತಗುಲಿದ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ವಿಕ್ಟರ್ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆಗಷ್ಟೇ ಬಂದಿದ್ದ ಸಲ್ಫಾ ಔಷಧಿ ಕೈಹಿಡಿಯಿತು. ವೈದ್ಯನಾಗುವ ಮನಸ್ಸು ಬಂದದ್ದು ಅಲ್ಲಿಂದ.

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿ ಅವರು ಹೃದ್ರೋಗ ತಜ್ಞರಾದರು. ಹೃದಯದ ಸದ್ದುಗಳನ್ನು ದಾಖಲಿಸುವುದು ಅವರ ಮೊದಲ ಆಸಕ್ತಿ. ಆದರೆ ಮಾರ್ಫಾನ್ ಸಿಂಡ್ರೋಮ್‌ನ ರೋಗಿಗಳಲ್ಲಿ ಮಹಾಧಮನಿ ಉಬ್ಬುವುದು, ಕಣ್ಣಿನ ಮಸೂರ ಜಾರುವುದು, ಕೈಕಾಲು ಉದ್ದವಾಗಿ ಬೆಳೆಯುವುದು ಈ ಮೂರೂ ಒಂದೇ ಮನೆತನದಲ್ಲಿ ಒಟ್ಟಿಗೆ ಇಳಿದು ಬರುವುದನ್ನು ಕಂಡು, ಇವೆಲ್ಲದರ ಬುಡದಲ್ಲಿ ಸಂಯೋಜಕ ಅಂಗಾಂಶದ ಒಂದೇ ದೋಷ ಇರಬೇಕೆಂದು ವಾದಿಸಿದರು. ಆ ಜೀನ್ ಎಫ್‌ಬಿಎನ್1 ಎಂದು ಗೊತ್ತಾದದ್ದು 1991ರಲ್ಲಿ. ಅದನ್ನು ತೋರಿಸಿಕೊಟ್ಟ ತಂಡದಲ್ಲಿದ್ದ ಹಾಲ್ ಡೀಟ್ಜ್ ಅದೇ ಹಾಪ್ಕಿನ್ಸ್‌ನ ಮಕ್ಕಳ ಹೃದ್ರೋಗ ವೈದ್ಯರು.

1957ರಲ್ಲಿ ಮೆಕ್ಯೂಸಿಕ್ ಅವರು ಹಾಪ್ಕಿನ್ಸ್‌ನ ಮೂರ್ ಕ್ಲಿನಿಕ್‌ನ ಹೊಣೆ ಹೊತ್ತು ಅಲ್ಲಿ ವೈದ್ಯಕೀಯ ತಳಿಶಾಸ್ತ್ರ ವಿಭಾಗ ಆರಂಭಿಸಿದರು. ಹಿಂದೊಮ್ಮೆ ಸಿಫಿಲಿಸ್ ರೋಗಿಗಳಿಗೆ ಮೀಸಲಾಗಿದ್ದ ಕ್ಲಿನಿಕ್ ಅದು. ಹೃದ್ರೋಗದಲ್ಲಿ ಹೆಸರು ಮಾಡಿದವರು ಅಪರೂಪದ, ಯಾರಿಗೂ ಬೇಡದ ಕಾಯಿಲೆಗಳ ಹಿಂದೆ ಹೋಗುವುದನ್ನು ಕಂಡು ಕೆಲವು ಸಹೋದ್ಯೋಗಿಗಳು, ಇವರು ತಮ್ಮ ವೃತ್ತಿಯನ್ನು ತಾವೇ ಮುಗಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು. ನನಗೆ ಅವರಲ್ಲಿ ಅತ್ಯಂತ ಗೌರವ ಹುಟ್ಟಿಸುವ ನಿರ್ಧಾರ ಇದೇ. ಪೆನ್ಸಿಲ್ವೇನಿಯಾದ ಆಮಿಶ್ ಎಂಬ ಕ್ರೈಸ್ತ ಸಮುದಾಯದವರ ಮನೆಮನೆಗೆ ಹೋಗಿ ವಂಶಾವಳಿ ಬರೆದುಕೊಂಡು, ಅಲ್ಲಿ ಆರು ಬೆರಳಿನ ಗಿಡ್ಡ ಮಕ್ಕಳು ಏಕೆ ಹೆಚ್ಚು ಹುಟ್ಟುತ್ತಾರೆ ಎಂಬುದನ್ನು ಅವರ ತಂಡ 1964ರಲ್ಲಿ ಪ್ರಕಟಿಸಿತು. ಎಲ್ಲ ಕುಟುಂಬಗಳ ಎಳೆಯೂ 1744ರಲ್ಲಿ ವಲಸೆ ಬಂದ ಒಂದು ದಂಪತಿಗೆ ಹೋಗಿ ಸೇರುತ್ತಿತ್ತು. ನನ್ನ ಹಸುಳೆಗಿದ್ದ ಕಾಯಿಲೆಯೇ ಅದು. ಸಮುದಾಯದೊಳಗೇ ಮದುವೆಯಾಗುವ ಆಮಿಶ್ ಹಳ್ಳಿಗಳಲ್ಲಿ ಅವರು ಬರೆದುಕೊಂಡ ಟಿಪ್ಪಣಿ ಸೋದರಿಕೆ ಮದುವೆಯ ನಮ್ಮ ನಾಡಿನಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಈ ದಾಖಲೆಗಳನ್ನೆಲ್ಲ ಅವರು 1960ರ ದಶಕದಲ್ಲೇ ಕಂಪ್ಯೂಟರಿಗೆ ಏರಿಸಲಾರಂಭಿಸಿ, 1966ರಲ್ಲಿ ‘ಮೆಂಡೆಲಿಯನ್ ಇನ್‌ಹೆರಿಟೆನ್ಸ್ ಇನ್ ಮ್ಯಾನ್’ ಪುಸ್ತಕದ ಮೊದಲ ಮುದ್ರಿತ ಆವೃತ್ತಿ ತಂದರು. 1998ರ ಹನ್ನೆರಡನೆಯ ಆವೃತ್ತಿಯೇ ಮುದ್ರಣದಲ್ಲಿ ಕೊನೆಯದು. 1987ರಲ್ಲಿ ಆನ್‌ಲೈನ್ ರೂಪ ಜಗತ್ತಿಗೆ ಸಿಕ್ಕಿತು. ಮೆಕ್ಯೂಸಿಕ್ 2008ರಲ್ಲಿ ತೀರಿಕೊಂಡರು. ಅವರಿಂದ ಮುಂದಾಳತ್ವ ವಹಿಸಿಕೊಂಡ ಏಡಾ ಹ್ಯಾಮೋಶ್ ಕೂಡ ಮಕ್ಕಳ ವೈದ್ಯೆ, ತಳಿಶಾಸ್ತ್ರ ತಜ್ಞೆ. ರೋಗಿಗಳನ್ನು ನೋಡುವವರ ಕೈಯಿಂದ ಈ ಕೆಲಸ ತಪ್ಪಿಲ್ಲ ಎಂಬುದು ಓದುವಾಗ ತಿಳಿಯುತ್ತದೆ.

ಇನ್ನು ಬಳಕೆಯ ವಿಷಯ. ಪ್ರತಿ ಕಾಯಿಲೆಗೂ ಪ್ರತಿ ಜೀನ್‌ಗೂ ಆರಂಕಿಯ ಸಂಖ್ಯೆ ಇದೆ. ಹಳೆಯ ದಾಖಲೆಗಳಲ್ಲಿ ಮೊದಲ ಅಂಕಿಯೇ ಅರ್ಧ ಕಥೆ ಹೇಳುತ್ತದೆ. 1 ಎಂದರೆ ಪ್ರಬಲ ಆನುವಂಶಿಕತೆ (ದೋಷದ ಜೀನ್‌ನ ಒಂದು ಪ್ರತಿ ಇದ್ದರೂ ಕಾಯಿಲೆ ಬರುವುದು): ಮಾರ್ಫಾನ್ 154700. 2 ಎಂದರೆ ಅಪ್ರಬಲ (ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಬರುವುದು): ಫೀನೈಲ್‌ಕೀಟೋನೂರಿಯಾ 261600. 3 ಎಂದರೆ ಎಕ್ಸ್ ಕ್ರೋಮೋಸೋಮ್‌ಗೆ ಸೇರಿದ್ದು: ಡುಶೆನ್ ಸ್ನಾಯುಕ್ಷಯ 310200. 1994ರ ಮೇ ನಂತರ ಸೇರಿದ, ಲಿಂಗನಿರ್ಧಾರಕವಲ್ಲದ ಕ್ರೋಮೋಸೋಮ್‌ಗಳ ದಾಖಲೆಗಳೆಲ್ಲ 6ರಿಂದ ಶುರು. ಸಂಖ್ಯೆಯ ಹಿಂದಿನ ಗುರುತನ್ನೂ ನೋಡಿ. ನಕ್ಷತ್ರವಿದ್ದರೆ ಜೀನ್, ಹ್ಯಾಶ್ ಇದ್ದರೆ ಕಾರಣ ತಿಳಿದಿರುವ ಕಾಯಿಲೆ, ಶೇಕಡಾ ಚಿಹ್ನೆ ಇದ್ದರೆ ಅಣುಮಟ್ಟದ ಕಾರಣ ಇನ್ನೂ ಸಿಗದ ಕಾಯಿಲೆ. ಕಾಯಿಲೆಯ ಹೆಸರುಗಳು ಬದಲಾಗುತ್ತವೆ, ಒಂದಕ್ಕೇ ನಾಲ್ಕು ಹೆಸರು ಇರುತ್ತವೆ. ಸಂಖ್ಯೆ ಬರೆದರೆ ಸಾಗರದ ಚೀಟಿ ಬೆಂಗಳೂರಿನಲ್ಲೂ ವೆಲ್ಲೂರಿನಲ್ಲೂ ಒಂದೇ ಅರ್ಥ ಕೊಡುತ್ತದೆ.

ಕೊರತೆಗಳೂ ಇವೆ. ಬಹಳಷ್ಟು ಹಳೆಯ ದಾಖಲೆಗಳಲ್ಲಿ ವಿಷಯ ವರ್ಷಾನುಕ್ರಮವಾಗಿ, ಒಂದು ಪ್ರಬಂಧದ ಸಾರಾಂಶದ ಕೆಳಗೆ ಮತ್ತೊಂದು ಎಂಬಂತೆ ಕೂಡುತ್ತ ಬಂದಿದೆ. ಹಳೆಯ ಅಭಿಪ್ರಾಯ ಮೇಲೆ, ಅದರ ತಿದ್ದುಪಡಿ ಎಷ್ಟೋ ಕೆಳಗೆ. ಆತುರದಲ್ಲಿ ಮೊದಲ ಪರದೆಯನ್ನಷ್ಟೇ ಓದಿ ನಿರ್ಧಾರಕ್ಕೆ ಬರಬಾರದು. ಚಿಕಿತ್ಸೆಯ ಬಗ್ಗೆ ಹೇಳುವುದು ಕಡಿಮೆ, ಚಿತ್ರಗಳೂ ಕಡಿಮೆ. ಜೀನ್‌ನ ಎಲ್ಲ ರೂಪಾಂತರಗಳನ್ನೂ ಕೊಡುವುದಿಲ್ಲ, ಆಯ್ದವನ್ನು ಮಾತ್ರ ಕೊಡುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಬಂದ ರೂಪಾಂತರ ಅಲ್ಲಿ ಕಾಣದಿದ್ದರೆ ಅದು ನಿರಪಾಯ ಎಂದು ತಿಳಿಯದೆ, ಜೀನ್ ರೂಪಾಂತರಗಳ ದತ್ತಕೋಶವಾದ ಕ್ಲಿನ್‌ವಾರ್‌ಗೆ ಹೋಗಿ ನೋಡಬೇಕು. ಕೊಂಡಿ ಅದೇ ಪುಟದಲ್ಲಿದೆ. ತಂದೆತಾಯಿಯರು ಇದನ್ನು ನೇರವಾಗಿ ಓದುವುದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದು ವೈದ್ಯರಿಗೂ ಸಂಶೋಧಕರಿಗೂ ಬರೆದದ್ದು. ಅತಿ ತೀವ್ರ ಪ್ರಕರಣಗಳೇ ಪ್ರಬಂಧವಾಗುವುದರಿಂದ ಅದನ್ನು ಓದಿದ ತಾಯಿ ತನ್ನ ಮಗುವಿಗೂ ಎಲ್ಲವೂ ಬರುತ್ತದೆಂದು ಹೆದರುತ್ತಾಳೆ.

ನಮ್ಮ ತಾಲ್ಲೂಕಿನ ಹಳ್ಳಿಯೊಂದರ ಹೆಸರಿರುವ ಹಂದಿಗೋಡು ಕಾಯಿಲೆಯೂ ಓಮಿಮ್‌ನಲ್ಲಿದೆ. 1970ರ ದಶಕದಲ್ಲಿ ಹಂದಿಗೋಡಿನಲ್ಲಿ ಮೊದಲು ಗಮನಕ್ಕೆ ಬಂದ, ಸೊಂಟ ಮಂಡಿಗಳನ್ನು ಸವೆಸಿ ದುಡಿಯುವವರನ್ನು ನೆಲಕ್ಕೆ ಕೂರಿಸುವ ಕಾಯಿಲೆ. ಗದ್ದೆಗೆ ಹೊಡೆದ ಕೀಟನಾಶಕ, ಗದ್ದೆಯ ಏಡಿ ತಿಂದದ್ದು ಎಂದೆಲ್ಲ ಮೊದಮೊದಲು ಶಂಕೆಯಿತ್ತು. ಲಕ್ನೋದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಎಕ್ಸ್‌ರೇ ಮತ್ತು ವಂಶಾವಳಿಗಳನ್ನು ಹಿಡಿದು ಇದು ಪ್ರಬಲವಾಗಿ ಇಳಿದು ಬರುವ ಎಲುಬಿನ ಕಾಯಿಲೆ ಎಂದು ವಿವರಿಸಿದರು. ರೋಗಿಯ ಅಂಗಳದಲ್ಲಿ ಆರಂಭವಾಗಿ ತಳಿಶಾಸ್ತ್ರಕ್ಕೆ ತಲುಪುವ ಮೆಕ್ಯೂಸಿಕ್ ಅವರ ಹಾದಿಯೇ ಇದು. ಈ ಕುಟುಂಬಗಳ ಮಕ್ಕಳು ನನ್ನ ಬಳಿಗೂ ಬರುತ್ತಾರೆ. ಮೂಲ ಪ್ರಬಂಧಗಳಿಗೆ ತಲುಪಲು ನನಗೆ ದಾರಿ ಓಮಿಮ್‌ನ ಆ ಪುಟ.

ಮಕ್ಕಳ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟು. ಸಿನಾಪ್ಸಿಸ್ ಅನ್ನು ಮೊದಲು ಓದಿ, ಮಗುವಿನ ಹತ್ತಿರ ಮತ್ತೊಮ್ಮೆ ಹೋಗಿ ಪರೀಕ್ಷಿಸಿ, ಆಮೇಲೆ ಉದ್ದದ ಪಠ್ಯಕ್ಕೆ ಕೈಹಾಕಿ. ಡಿಸ್ಚಾರ್ಜ್ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಪಕ್ಕ ಆ ಆರಂಕಿಯನ್ನು ಬರೆಯಿರಿ. ತಾಣವು ಸರ್ಕಾರದ ಅನುದಾನದ ಜೊತೆಗೆ ಓದುಗರಿಂದ ದೇಣಿಗೆಯನ್ನೂ ಕೇಳುತ್ತದೆ; ಸಂಬಳ ಬರಲು ಶುರುವಾದ ಮೇಲೆ ಕೈಲಾದಷ್ಟು ಕೊಡಿ.