ಕ್ವೆನ್ಯಾನಾ, ಸಿಂದರಿನ್ನಾ? ಯಾವುದು ಮೊದಲು ಕಲೀಬೇಕು?

'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ತನ್ನ ಕಥೆಗಳ ಎಲ್ಫ್ ಜನರಿಗಾಗಿ ಕಟ್ಟಿದ ಭಾಷೆಗಳಲ್ಲಿ ನಮ್ಮವರಿಗೆ ಕ್ವೆನ್ಯಾನೇ ಸುಲಭ ಅನ್ನೋದು ನನ್ನ ಅನಿಸಿಕೆ. ಫಿನ್ನಿಶ್ ಪ್ರಭಾವ ಜಾಸ್ತಿ, ಕನ್ನಡದ ಹಾಗೆ ಪದದ ಕೊನೆಗೆ ವಿಭಕ್ತಿ ಅಂಟಿಕೊಳ್ಳುತ್ತದೆ: ಎಲೆನ್ ಅಂದರೆ ನಕ್ಷತ್ರ, ಎಲೆನ್ನ ಅಂದರೆ ನಕ್ಷತ್ರದ ಕಡೆಗೆ. ಅಷ್ಟೇ.

ಸಿಂದರಿನ್‌ಗೆ ವೆಲ್ಶ್ ಮಾದರಿ. ಕಿವಿಗೆ ಸೊಗಸು, ಆದರೆ ಪದಗಳು ನಿಂತಲ್ಲಿ ನಿಲ್ಲೋದಿಲ್ಲ. ಒರೊದ್ ಒಂದು ಬೆಟ್ಟ, ಎರೆದ್ ಹಲವು ಬೆಟ್ಟ. ಒಳಗಿನ ಸ್ವರಗಳೇ ಬದಲಾದವು, ನೋಡಿ.

ಪದಮೂಲದ ಹುಚ್ಚಿದ್ದರೆ ಮಾತ್ರ ಎರಡನ್ನೂ ಹಿಡಿಯಿರಿ. ಮರಕ್ಕೆ ಎರಡಕ್ಕೂ ಮೂಲವಾದ ಹಳೆಯ ರೂಪ ಗಲದಾ, ಕ್ವೆನ್ಯಾ ಮೊದಲ 'ಗ' ಬಿಟ್ಟು ಅಲ್ದಾ ಮಾಡಿಕೊಂಡಿತು, ಸಿಂದರಿನ್ ಅದನ್ನು ಉಳಿಸಿಕೊಂಡು ಗಲಧ್ ಅಂದಿತು, ಆದರೆ ಹಿಂದೆ 'ಇ' (ಇಂಗ್ಲಿಷಿನ 'the' ಹಾಗೆ) ಅನ್ನೋ ಪದ ಬಂದರೆ ಅಲ್ಲೂ 'ಗ' ಮಾಯ! ನನಗಂತೂ ಇದೇ ಮಜಾ.